ಶುಗರ್ ವಂಶದಿಂದ ಬರುತ್ತಾ, ಊಟದಿಂದ ಬರುತ್ತಾ?

ರಕ್ತ ಪರೀಕ್ಷೆಯಲ್ಲಿ ಶುಗರ್ ಇದೆ ಎಂದು ಗೊತ್ತಾದ ದಿನ ಎರಡು ಪ್ರಶ್ನೆಗಳು ಎದುರಾಗುತ್ತವೆ. ಡಾಕ್ಟರು ಕೇಳುತ್ತಾರೆ, ‘ಮನೇಲಿ ಅಪ್ಪ ಅಮ್ಮನಿಗೆ ಇದೆಯಾ?’ ಪಕ್ಕದ ಮನೆಯವರು ಕೇಳುತ್ತಾರೆ, ‘ಸಿಹಿ ಜಾಸ್ತಿ ತಿಂತಿದ್ರಾ?’

ನನ್ನ ತಮ್ಮನಿಗೆ 34ನೇ ವಯಸ್ಸಿಗೇ ಶುಗರ್ ಬಂದಾಗ ನಮ್ಮ ಮನೆಯಲ್ಲೂ ಇದೇ ಆಯಿತು. ಅವನದು ಸಣಕಲು ಮೈ. ಸಿಹಿ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಮ್ಮ ತವರಿನವರನ್ನೆಲ್ಲ ಬೆರಳಲ್ಲಿ ಎಣಿಸಿ ‘ನಮ್ಮ ಕಡೆ ಯಾರಿಗೂ ಇಲ್ಲ’ ಅಂದರು. ಅಪ್ಪನಿಗೆ ಹತ್ತು ವರ್ಷದಿಂದ ಇದೆ. ಹಾಗಾಗಿ ತಪ್ಪು ಅಪ್ಪನ ಕಡೆಯದು ಎಂದು ತೀರ್ಮಾನವಾಯಿತು. ಅಪ್ಪ ಏನೂ ಮಾತಾಡದೆ ಕೂತಿದ್ದನ್ನು ನೋಡಿ ನನಗೆ ಸಂಕಟವಾಯಿತು. ಇದು ನಿಜಕ್ಕೂ ಹೇಗೆ ಬರುತ್ತದೆ ಎಂದು ತಿಳಿದುಕೊಳ್ಳಲು ಹೊರಟಿದ್ದು ಅಲ್ಲಿಂದ.

ಪ್ರಶ್ನೆ ಹಳೆಯದು. ಸುಶ್ರುತ ಸಂಹಿತೆಯಲ್ಲೇ ಪ್ರಮೇಹ (ಸಕ್ಕರೆ ಕಾಯಿಲೆಯೂ ಸೇರುವ ಮೂತ್ರದ ಕಾಯಿಲೆಗಳ ಗುಂಪು) ಎರಡು ಬಗೆ ಎಂದು ಹೇಳಿದೆ. ಒಂದು ‘ಸಹಜ’, ಅಂದರೆ ಹುಟ್ಟಿನಿಂದ ಬಂದದ್ದು. ಇನ್ನೊಂದು ‘ಅಪಥ್ಯ’ದಿಂದ, ಅಂದರೆ ತಿನ್ನಬಾರದ್ದನ್ನು ತಿಂದು ಬಂದದ್ದು. ಇವತ್ತಿನ ವಿಜ್ಞಾನ ಇದಕ್ಕೆ ಒಂದು ಮುಖ್ಯ ಮಾತನ್ನು ಸೇರಿಸಿದೆ. ಬಹುಪಾಲು ಜನರಲ್ಲಿ ಇವು ಎರಡು ಬೇರೆ ಬೇರೆ ದಾರಿಗಳಲ್ಲ. ಹುಟ್ಟೂ ಊಟವೂ ಸೇರಿಯೇ ಕಾಯಿಲೆಯಾಗುತ್ತದೆ.

## ಬಾವಿ, ತೋಟ, ಕಾಲುವೆ

ಮೊದಲು ದೇಹದೊಳಗೆ ಏನಾಗುತ್ತದೆ ನೋಡೋಣ. ಅನ್ನ, ರೊಟ್ಟಿ, ಮುದ್ದೆ, ಬಾಳೆಹಣ್ಣು, ಬೆಲ್ಲ ಯಾವುದನ್ನು ತಿಂದರೂ ಅದರಲ್ಲಿರುವ ಪಿಷ್ಟ ಮತ್ತು ಸಕ್ಕರೆ ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ಆಗುತ್ತದೆ. ಈ ಪಿಷ್ಟ ಮತ್ತು ಸಕ್ಕರೆಯನ್ನು ಒಟ್ಟಿಗೆ ಕಾರ್ಬೊಹೈಡ್ರೇಟ್ ಎನ್ನುತ್ತಾರೆ. ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಅದು ರಕ್ತದಲ್ಲೇ ನಿಲ್ಲಬಾರದು. ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳಿಗೆ ಹೋಗಬೇಕು. ಹಾಗೆ ಹೋಗಲು ಇನ್ಸುಲಿನ್ ಬೇಕು. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇದನ್ನು ತಯಾರಿಸುತ್ತವೆ.

ಇದನ್ನು ತೋಟದ ಬಾವಿಯ ಹಾಗೆ ಯೋಚಿಸಿ. ಬಾವಿಯ ನೀರು ಇನ್ಸುಲಿನ್. ಪ್ರತಿ ಬಾವಿಗೂ ಅದರದೇ ಸೆಲೆ ಇರುತ್ತದೆ. ಕೆಲವು ಬಾವಿಯಲ್ಲಿ ಎಷ್ಟು ಸೇದಿದರೂ ನೀರು ಏರುತ್ತದೆ, ಕೆಲವು ಮಧ್ಯಾಹ್ನಕ್ಕೇ ತಳ ಕಾಣುತ್ತವೆ. ನಿಮ್ಮ ಬೀಟಾ ಕೋಶಗಳ ಸೆಲೆ ಎಷ್ಟು ಎನ್ನುವುದು ಬಹಳ ಮಟ್ಟಿಗೆ ಹುಟ್ಟಿನಿಂದ ಬಂದದ್ದು. ಎಷ್ಟು ಎಕರೆಗೆ ನೀರು ಹಾಯಿಸುತ್ತೀರಿ ಎನ್ನುವುದು ನಿಮ್ಮ ಊಟ. ಹೊತ್ತು ಹೊತ್ತಿಗೂ ತಟ್ಟೆ ತುಂಬ ಅನ್ನ ಉಂಡರೆ ಅಷ್ಟು ದೊಡ್ಡ ತೋಟಕ್ಕೆ ನೀರು ಬೇಕು.

ಇನ್ನು ಮೂರನೆಯದು ಕಾಲುವೆ. ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡರೆ ಅಲ್ಲಿನ ಕೋಶಗಳು ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಮೊದಲಿನಷ್ಟೇ ಕೆಲಸಕ್ಕೆ ಜಾಸ್ತಿ ಇನ್ಸುಲಿನ್ ಬೇಕಾಗುತ್ತದೆ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಕಾಲುವೆ ಸೋರಿದರೆ ಬಾವಿಯಿಂದ ಎರಡರಷ್ಟು ನೀರು ಎತ್ತಬೇಕಲ್ಲ, ಹಾಗೆ. ಸೆಲೆ ಗಟ್ಟಿ ಇದ್ದವರು ವರ್ಷಗಟ್ಟಲೆ ಹಾಗೇ ಎತ್ತಿಕೊಂಡು ಹೋಗುತ್ತಾರೆ. ಸೆಲೆ ಸಣ್ಣದಿದ್ದವರ ಬಾವಿ ಬೇಗ ಬತ್ತುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದೇ ಟೈಪ್ 2 ಡಯಾಬಿಟಿಸ್. ನಮ್ಮಲ್ಲಿ ಶುಗರ್ ಇರುವವರಲ್ಲಿ ಹೆಚ್ಚಿನವರಿಗೆ ಇರುವುದು ಇದು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಬೇರೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದಿದ್ದಕ್ಕೆ ಅದು ಬರುವುದಿಲ್ಲ. ಅಂಥ ಮಕ್ಕಳ ತಾಯಂದಿರನ್ನು ದಯವಿಟ್ಟು ಯಾರೂ ದೂರಬೇಡಿ.

## ಜೀನ್ ಹೇಳುವುದು ಎಷ್ಟು?

ಜೀನ್ ಅಂದರೆ ದೇಹ ಹೇಗೆ ಕೆಲಸ ಮಾಡಬೇಕು ಎಂಬ ಸೂಚನೆಯ ಒಂದು ತುಣುಕು. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಒಬ್ಬರಿಂದ ಒಬ್ಬರಿಗೆ ಆ ಸೂಚನೆಯಲ್ಲಿ ಅಕ್ಷರದಷ್ಟು ಸಣ್ಣ ವ್ಯತ್ಯಾಸಗಳು ಇರುತ್ತವೆ.

ಸಕ್ಕರೆ ಕಾಯಿಲೆಗೆ ಒಂದೇ ಜೀನ್ ಕಾರಣವಾಗುವುದು ಅಪರೂಪ. ‘ಮೋಡಿ’ ಎಂಬ ಗುಂಪಿನ ಕಾಯಿಲೆಗಳಲ್ಲಿ ಹಾಗಿದೆ. ಅಜ್ಜ, ಅಪ್ಪ, ಮಗ ಹೀಗೆ ಸಾಲಾಗಿ, ಚಿಕ್ಕ ವಯಸ್ಸಿಗೇ ಬರುತ್ತದೆ. ಆದರೆ ಸಾಮಾನ್ಯ ಟೈಪ್ 2 ಹಾಗಲ್ಲ. 25 ಲಕ್ಷ ಜನರ ಮಾಹಿತಿಯನ್ನು ಒಟ್ಟು ಮಾಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಮ್ಮ ಡಿಎನ್‌ಎಯಲ್ಲಿ 600ಕ್ಕೂ ಹೆಚ್ಚು ಜಾಗಗಳಿಗೆ ಈ ಕಾಯಿಲೆಯ ಜೊತೆ ನಂಟಿದೆ ಎಂದು ತೋರಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು. ಹನಿ ಹನಿ ಕೂಡಿದ ಹಾಗೆ.

ಅವುಗಳಲ್ಲಿ ಪ್ರಭಾವ ಜಾಸ್ತಿ ಇರುವುದು ಟಿಸಿಎಫ್7ಎಲ್2 ಎಂಬ ಜೀನಿಗೆ. 2006ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಇದನ್ನು ಪತ್ತೆ ಮಾಡಿದರು. ದಕ್ಷಿಣ ಭಾರತೀಯರಲ್ಲೂ ಇದರ ನಂಟು ಕಂಡಿದೆ. ಇದರ ಅಪಾಯದ ರೂಪ ಬೀಟಾ ಕೋಶಗಳ ಕೆಲಸವನ್ನು ಕುಗ್ಗಿಸುತ್ತದೆ. ಅಂದರೆ ಸೆಲೆಯನ್ನೇ ಸಣ್ಣದು ಮಾಡುತ್ತದೆ. ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಶೇ 40ರಷ್ಟು ಹೆಚ್ಚು. ಹಾಗೆಂದರೆ ನೂರರಲ್ಲಿ ನಲವತ್ತು ಜನಕ್ಕೆ ಬರುತ್ತದೆ ಎಂದಲ್ಲ. ಆ ರೂಪ ಇಲ್ಲದ ನೂರು ಜನರಲ್ಲಿ ಹತ್ತು ಮಂದಿಗೆ ಬರುವುದಾದರೆ, ಇರುವ ನೂರು ಜನರಲ್ಲಿ ಹದಿನಾಲ್ಕು ಮಂದಿಗೆ ಬರುತ್ತದೆ ಎಂದು. ಪತ್ರಿಕೆಗಳಲ್ಲಿ ಇಂಥ ಶೇಕಡಾ ಕಂಡಾಗ ಸ್ವಲ್ಪ ನಿಂತು ಓದಬೇಕು, ಸುಮ್ನೆ ಗಾಬರಿ ಬೀಳುತ್ತೇವೆ.

ಆದರೆ ಎಲ್ಲ ಹನಿಗಳೂ ಕೂಡಿದರೆ ಅಪಾಯ ಚಿಕ್ಕದಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಟೈಪ್ 2 ಇದ್ದರೆ ಮಕ್ಕಳಿಗೆ ಜೀವನದಲ್ಲಿ ಯಾವಾಗಲಾದರೂ ಬರುವ ಸಾಧ್ಯತೆ ಸುಮಾರು ಶೇ 40, ಇಬ್ಬರಿಗೂ ಇದ್ದರೆ ಸುಮಾರು ಶೇ 70 ಎಂದು ಅಂದಾಜಿದೆ. ಆದರೆ ಈ ಲೆಕ್ಕದಲ್ಲಿ ಜೀನ್ ಒಂದೇ ಇಲ್ಲ, ಗಮನಿಸಿ. ಒಂದೇ ಮನೆಯವರು ಒಂದೇ ಅಡುಗೆ ಉಣ್ಣುತ್ತಾರೆ. ಸಂಜೆ ಕಾಫಿಗೆ ಎಷ್ಟು ಚಮಚ ಸಕ್ಕರೆ, ರಾತ್ರಿ ಊಟ ಎಷ್ಟು ಗಂಟೆಗೆ, ಅಂಗಡಿಗೆ ನಡೆದು ಹೋಗುತ್ತೇವಾ ಇಲ್ಲ ಗಾಡಿ ತೆಗೆಯುತ್ತೇವಾ, ಇವೂ ಮನೆಯಿಂದಲೇ ಬಳುವಳಿಯಾಗಿ ಬರುತ್ತವೆ.

## ಒಂದೇ ಬುಡಕಟ್ಟು, ಎರಡು ಊರು

ಜೀನ್ ಮತ್ತು ಜೀವನಕ್ರಮ ಹೇಗೆ ಸೇರಿ ಕೆಲಸ ಮಾಡುತ್ತವೆ ಎಂದು ನನಗೆ ಮನಸ್ಸಿಗೆ ನಾಟಿದ್ದು ಅಮೆರಿಕದ ಪಿಮಾ ಜನರ ಕಥೆಯಿಂದ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ‘ನದಿಯ ಜನ’ ಎಂದು ಅರ್ಥ. ಅರಿಜೋನಾದ ಮರುಭೂಮಿಯಲ್ಲಿ ಹೀಲಾ ನದಿಯ ನೀರು ಹಾಯಿಸಿ ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಬೆಳೆದು ಬದುಕಿದವರು. 19ನೇ ಶತಮಾನದ ಕೊನೆಯಲ್ಲಿ ಮೇಲ್ದಂಡೆಗೆ ಬಂದ ವಲಸಿಗರು ನದಿಯನ್ನು ತಿರುಗಿಸಿಕೊಂಡರು. ಹೊಲ ಒಣಗಿತು. ಹಸಿವು ಬಂತು. ಮುಂದೆ ಅವರ ತಟ್ಟೆ ತುಂಬಿದ್ದು ಸರ್ಕಾರ ಹಂಚಿದ ಮೈದಾ, ಸಕ್ಕರೆ, ಹಂದಿ ಕೊಬ್ಬಿನಿಂದ. 20ನೇ ಶತಮಾನದ ಮಧ್ಯದ ನಂತರ ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ಜನಸಮುದಾಯಗಳಲ್ಲಿ ಅವರೂ ಒಬ್ಬರಾದರು.

ಇದೇ ಪಿಮಾ ಜನರ ಇನ್ನೊಂದು ಕವಲು ಗಡಿಯಾಚೆ ಮೆಕ್ಸಿಕೊದ ಬೆಟ್ಟಗಳಲ್ಲಿದೆ, ಮೈಕೋಬಾ ಎಂಬ ಊರಿನ ಸುತ್ತ. ವಂಶ ಹತ್ತಿರದ್ದು. ಅವರು ಆಗಲೂ ಕೈಯಾರೆ ಗೇಯುತ್ತ, ಕಾಳು, ಮುಸುಕಿನ ಜೋಳ, ಆಲೂಗಡ್ಡೆ ತಿನ್ನುತ್ತ ಇದ್ದರು. 2006ರಲ್ಲಿ ಎರಡೂ ಕಡೆಯ ಲೆಕ್ಕ ಪ್ರಕಟವಾಯಿತು. ಅರಿಜೋನಾದವರಲ್ಲಿ ಟೈಪ್ 2 ಇದ್ದದ್ದು ಶೇ 38. ಬೆಟ್ಟದವರಲ್ಲಿ ಶೇ 6.9.

ಜೀನ್ ಅಷ್ಟು ಬಲವಾಗಿದ್ದರೂ ಬೆಟ್ಟದವರಲ್ಲಿ ಅದು ಬಹುಮಟ್ಟಿಗೆ ಮಲಗಿಯೇ ಇತ್ತು. ಬಾವಿ ಸಣ್ಣದೇ, ಆದರೆ ತೋಟವೂ ಸಣ್ಣದು, ಕಾಲುವೆಯೂ ಸೋರುತ್ತಿರಲಿಲ್ಲ.

ನಮ್ಮ ದೇಶದ್ದೂ ಇದೇ ಬಗೆಯ ಕಥೆ. 1970ರ ದಶಕದ ಆರಂಭದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮೀಕ್ಷೆ ಮಾಡಿದಾಗ ಪಟ್ಟಣಗಳಲ್ಲಿ ಶೇ 2.1, ಹಳ್ಳಿಗಳಲ್ಲಿ ಶೇ 1.5 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅದೇ ಮಂಡಳಿಯ ಬೆಂಬಲದ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕ ಪಟ್ಟಣಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಒಟ್ಟು 10.1 ಕೋಟಿ ಜನ. ಅಳೆಯುವ ಕ್ರಮ ಎರಡು ಕಾಲಕ್ಕೂ ಒಂದೇ ಅಲ್ಲ, ನಿಜ. ಆದರೂ ಇಷ್ಟು ದೊಡ್ಡ ಏರಿಕೆಯನ್ನು ಜೀನ್ ಮೇಲೆ ಹಾಕಲಾಗದು. ಐವತ್ತು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗುವುದಿಲ್ಲ. ನಮ್ಮ ಅಜ್ಜ ಮೂರು ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದರು. ನನ್ನ ತಮ್ಮ ತಟ್ಟೆ ತುಂಬ ಅನ್ನ ಉಂಡು ಕಂಪ್ಯೂಟರ್ ಮುಂದೆ ಕೂರುತ್ತಾನೆ.

## ಸಣ್ಣಗಿದ್ದರೂ ಯಾಕೆ ಬರುತ್ತದೆ?

‘ಅವನು ಕಡ್ಡಿ ಹಾಗಿದಾನೆ, ಅವನಿಗ್ಯಾಕೆ ಶುಗರ್?’ ಎಂದು ತಮ್ಮನನ್ನು ನೋಡಿದವರೆಲ್ಲ ಕೇಳಿದರು. ಇದಕ್ಕೆ ಒಳ್ಳೆಯ ಉತ್ತರ ಪುಣೆಯಿಂದ ಸಿಗುತ್ತದೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತಕ್ಕಡಿ ಒಂದೇ ತೂಕ ತೋರಿಸಿದರೂ ಒಳಗಿನ ಸರಕು ಬೇರೆ. ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಎಚ್ಚರಿಕೆ ಎನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ತಮ್ಮನ ಕೈಕಾಲು ಸಣ್ಣ, ಸೊಂಟ 94.

ಇದರ ಬೇರು ತಾಯಿಯ ಹೊಟ್ಟೆಯಲ್ಲೇ ಇದೆ. ಪುಣೆ ಸುತ್ತಲಿನ ಹಳ್ಳಿಗಳ ಮಕ್ಕಳು ಹುಟ್ಟಿದಾಗ ಸರಾಸರಿ 2.7 ಕಿಲೊ ಇದ್ದರು, ಇಂಗ್ಲೆಂಡಿನ ಮಕ್ಕಳು 3.5 ಕಿಲೊ. ನಮ್ಮ ಮಕ್ಕಳಲ್ಲಿ ಸ್ನಾಯು ತುಂಬ ಕಡಿಮೆ ಇತ್ತು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇರಲಿಲ್ಲ.

ಇಲ್ಲಿ ನಮ್ಮ ಮೈಸೂರಿನ ಹೆಸರು ಬರುತ್ತದೆ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಗಳಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಲವತ್ತು ಐವತ್ತು ವರ್ಷದವರಾದ ಮೇಲೆ ಸಂಶೋಧಕರು ಮೈಸೂರಿನ ಬೀದಿಗಳಲ್ಲಿ ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿಯ ತೂಕ ಜಾಸ್ತಿ ಇದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅರ್ಧ ಶತಮಾನದ ಹಿಂದೆ ದಾದಿಯರು ಶ್ರದ್ಧೆಯಿಂದ ಬರೆದ ಅಂಕಿಗಳು ಇಷ್ಟು ದೊಡ್ಡ ವಿಷಯ ಹೇಳಿದವು. ಆಮೇಲೆ ಅದೇ ಆಸ್ಪತ್ರೆಯಲ್ಲಿ 1997ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಸೇರಿಸಿ ಹೊಸ ಅಧ್ಯಯನ ಶುರುವಾಯಿತು. ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಪ್ರತಿರೋಧ ಎರಡೂ ಹೆಚ್ಚಿದ್ದವು.

ಅಂದರೆ ಅಮ್ಮನಿಂದ ಮಗುವಿಗೆ ಬರುವುದೆಲ್ಲ ಜೀನ್ ಅಲ್ಲ. ಗರ್ಭದಲ್ಲಿ ಸಿಕ್ಕ ಪೋಷಣೆಯೂ ಬರುತ್ತದೆ. ಜೀನಿನ ಅಕ್ಷರ ಬದಲಾಗದಿದ್ದರೂ ಅದನ್ನು ಎಷ್ಟು ಓದಬೇಕು, ಎಲ್ಲಿ ಮುಚ್ಚಿಡಬೇಕು ಎಂಬ ಗುರುತುಗಳು ಆ ಒಂಬತ್ತು ತಿಂಗಳಲ್ಲಿ ಬೀಳುತ್ತವೆ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಕಾಲದಿಂದ 1953ರವರೆಗೆ ಸಕ್ಕರೆ ರೇಷನ್ ಇತ್ತು. ಆ ಕಾಲದಲ್ಲಿ ಗರ್ಭದಲ್ಲಿದ್ದು, ಹುಟ್ಟಿ ಮೊದಲ ವರ್ಷಗಳನ್ನು ಕಳೆದವರಿಗೆ, ರೇಷನ್ ಮುಗಿದ ಮೇಲಿನವರಿಗಿಂತ ಟೈಪ್ 2 ಬರುವ ಅಪಾಯ ಸುಮಾರು ಶೇ 35 ಕಡಿಮೆ ಇತ್ತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

## ನಮ್ಮ ತಟ್ಟೆಯಲ್ಲಿ ಏನಿದೆ?

‘ನಾನು ಸಿಹಿ ತಿನ್ನಲ್ಲ’ ಎನ್ನುವ ತಮ್ಮನ ಮಾತು ಸುಳ್ಳಲ್ಲ. ಆದರೆ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಬಾಯಿಗೆ ಸಿಹಿ ಅನ್ನಿಸದಿದ್ದರೂ ರಕ್ತಕ್ಕೆ ಹೋಗುವುದು ಗ್ಲೂಕೋಸೇ ಅಲ್ವಾ?

2025ರಲ್ಲಿ ಬಂದ ಇಂಡಿಯಾಬ್ ಆಹಾರ ಸಮೀಕ್ಷೆಯ ಪ್ರಕಾರ ಭಾರತೀಯರು ದಿನದ ಶಕ್ತಿಯಲ್ಲಿ ಶೇ 62ರಷ್ಟನ್ನು ಕಾರ್ಬೊಹೈಡ್ರೇಟಿನಿಂದಲೇ ಪಡೆಯುತ್ತಾರೆ. ದಕ್ಷಿಣದಲ್ಲಿ ಅದು ಮುಖ್ಯವಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯಿಂದ. ಪಾಲಿಶ್ ಮಾಡಿದಾಗ ತವುಡು, ನಾರು ಹೋಗುತ್ತದೆ. ಉಳಿದ ಪಿಷ್ಟ ಬೇಗ ಜೀರ್ಣವಾಗಿ ರಕ್ತಕ್ಕೆ ನುಗ್ಗುತ್ತದೆ. ಬಾವಿಗೆ ಒಮ್ಮೆಲೇ ದೊಡ್ಡ ಪಂಪು ಇಟ್ಟ ಹಾಗೆ. 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಅನ್ನ ಉಣ್ಣುವವರಿಗೂ 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗೂ ಹೋಲಿಸಿದಾಗ, ಹೆಚ್ಚು ಉಣ್ಣುವವರಲ್ಲಿ ಅಪಾಯ ಒಟ್ಟಾರೆ ಶೇ 20 ಜಾಸ್ತಿ. ದಕ್ಷಿಣ ಏಷ್ಯಾದಲ್ಲಿ ಶೇ 61.

ರಾಗಿ ಪ್ರಿಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಾನೂ ಅವರಲ್ಲಿ ಒಬ್ಬ. ಅದೇ 2025ರ ಸಮೀಕ್ಷೆಯಲ್ಲಿ, ಒಟ್ಟು ಪ್ರಮಾಣ ಕಡಿಮೆ ಮಾಡದೆ ಸುಮ್ನೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಹೋದವರಲ್ಲಿ ಅಪಾಯ ಇಳಿದದ್ದು ಕಾಣಲಿಲ್ಲ. ರಾಗಿಯಲ್ಲಿ ನಾರು, ಸುಣ್ಣದಂಶ ಚೆನ್ನಾಗಿದೆ, ಅದು ಒಳ್ಳೆಯ ಧಾನ್ಯ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಎರಡು ದೊಡ್ಡ ಮುದ್ದೆಯ ಹೊರೆ ಎರಡು ತಟ್ಟೆ ಅನ್ನದ ಹೊರೆಗಿಂತ ತುಂಬ ಹಗುರವೇನಲ್ಲ. ಅಪಾಯ ಕಡಿಮೆ ಕಂಡದ್ದು ದಿನದ ಶಕ್ತಿಯಲ್ಲಿ ಶೇ 5ರಷ್ಟನ್ನು ಕಾರ್ಬೊಹೈಡ್ರೇಟಿನ ಬದಲು ಕಾಳು, ಹಾಲು ಮೊಸರು, ಮೊಟ್ಟೆ ಅಥವಾ ಮೀನಿನ ಪ್ರೊಟೀನಿನಿಂದ ಪಡೆಯುವ ಲೆಕ್ಕದಲ್ಲಿ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಇದು 100 ಕ್ಯಾಲೊರಿ, ಹೆಚ್ಚು ಕಡಿಮೆ ಒಂದು ಸೌಟು ಅನ್ನ.

ಒಂದು ಮುದ್ದೆ, ಜೊತೆಗೆ ಮೊಳಕೆ ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಎಂದರೆ ಲೆಕ್ಕ ಪೂರಾ ಬದಲಾಗುತ್ತದೆ. ಜೋಳದ ರೊಟ್ಟಿ ಜೊತೆ ಮಡಿಕೆ ಕಾಳು ಪಲ್ಯವೂ ಹಾಗೆ. ಊಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸಿ ಅನ್ನ ಆಮೇಲೆ ಬರುವ ಕ್ರಮವಿದೆಯಲ್ಲ, ತರಕಾರಿ ಮತ್ತು ಪ್ರೊಟೀನ್ ಮೊದಲು ತಿಂದರೆ ಊಟದ ನಂತರದ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ ಎಂದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ.

## ವಂಶದಲ್ಲೇ ಇದ್ದರೆ ಪಥ್ಯ ಮಾಡಿ ಪ್ರಯೋಜನವೇನು?

ಈ ಪ್ರಶ್ನೆಯನ್ನು ಬೇಸರದಿಂದ ಕೇಳುವವರು ಬಹಳ. ಉತ್ತರ ಧೈರ್ಯ ಕೊಡುವಂಥದ್ದು.

ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಇವರೆಲ್ಲ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರು. ಒಂದು ಗುಂಪಿಗೆ ದೇಹದ ತೂಕದ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವಂಥ ಗುರಿ ಕೊಟ್ಟರು. ಅವರಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇ 58 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ 31.

ಆಮೇಲೆ ಅವರ ಜೀನ್ ನೋಡಿದರು. ಟಿಸಿಎಫ್7ಎಲ್2ನ ಅಪಾಯದ ರೂಪ ಎರಡೂ ಪ್ರತಿಯಲ್ಲಿ ಇದ್ದವರು ಏನೂ ಬದಲಾವಣೆ ಮಾಡಿಕೊಳ್ಳದ ಗುಂಪಿನಲ್ಲಿದ್ದಾಗ, ಆ ರೂಪ ಇಲ್ಲದವರಿಗಿಂತ ಅವರ ಅಪಾಯ ಸುಮಾರು ಶೇ 80 ಹೆಚ್ಚಿತ್ತು. ಊಟ, ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಆ ಅಂತರ ಸುಮಾರು ಶೇ 15ಕ್ಕೆ ಇಳಿಯಿತು. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಜೀನ್ ಅಲ್ಲೇ ಇತ್ತು, ಅದರ ಹೊಡೆತ ಮಾತ್ರ ಕುಗ್ಗಿತು.

ನಮ್ಮವರ ಮೇಲೂ ಇಂಥ ಪ್ರಯೋಗ ಆಗಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರನ್ನು ಸೇರಿಸಿಕೊಂಡು ಮಾಡಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷದಲ್ಲಿ ಶೇ 55 ಜನಕ್ಕೆ ಕಾಯಿಲೆ ಬಂತು. ಊಟ ಮತ್ತು ನಡಿಗೆಯನ್ನು ಬದಲಿಸಿಕೊಂಡವರಲ್ಲಿ ಶೇ 39. ಲಾಭ ಅಮೆರಿಕದಷ್ಟಿಲ್ಲ. ನಮ್ಮ ಸೆಲೆ ಸಣ್ಣದು ಎನ್ನುವುದು ಇದಕ್ಕೆ ಒಂದು ಕಾರಣ ಇರಬಹುದು. ಆದರೆ ಇವರ ಸರಾಸರಿ ತೂಕ ಇಳಿದೇ ಇರಲಿಲ್ಲ, ಆದರೂ ಲಾಭ ಸಿಕ್ಕಿತು. ಸಣಕಲು ಮೈಯವರಿಗೆ ಇದು ಮುಖ್ಯವಾದ ಸುದ್ದಿ.

ಬದಲಾವಣೆ ಎಷ್ಟೇ ಮಾಡಿದರೂ ಕೆಲವರಿಗೆ ಕಾಯಿಲೆ ಬಂದೇ ಬರುತ್ತದೆ. ಅದು ಅವರ ತಪ್ಪಲ್ಲ. ಈಗಾಗಲೇ ಬಂದವರು ಪಥ್ಯವನ್ನು ನಂಬಿ ಡಾಕ್ಟರ್ ಮಾತು ಕೇಳದೆ ಮಾತ್ರೆ, ಇನ್ಸುಲಿನ್ ಬಿಡಬಾರದು.

## ಜೀನ್ ಟೆಸ್ಟ್ ಮಾಡಿಸಬೇಕಾ?

ಸಾಮಾನ್ಯ ಟೈಪ್ 2ಗೆ ಬೇಕಿಲ್ಲ. ಅಪ್ಪ, ಅಮ್ಮ, ಅಣ್ಣ, ತಂಗಿಗೆ ಇದೆಯಾ ಎಂಬ ಪುಕ್ಕಟೆ ಪ್ರಶ್ನೆಯೇ ಅಪಾಯದ ಅಂದಾಜು ಕೊಡುತ್ತದೆ, ಜೊತೆಗೆ ಸೊಂಟದ ಅಳತೆ. ಮೋಡಿ ಇರಬಹುದು ಎಂಬ ಅನುಮಾನ ಬಂದರೆ ಮಾತ್ರ ಜೀನ್ ಪರೀಕ್ಷೆಯಿಂದ ಚಿಕಿತ್ಸೆಯೇ ಬದಲಾಗಬಹುದು. ಅದನ್ನು ಡಾಕ್ಟರು ಹೇಳುತ್ತಾರೆ.

ನಿಜಕ್ಕೂ ಬೇಕಾದ್ದು ರಕ್ತ ಪರೀಕ್ಷೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗ್ಲೂಕೋಸ್ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಹೊಸ್ತಿಲು. 126 ಅಥವಾ ಹೆಚ್ಚಿದ್ದರೆ, ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಂಡು ಕಾಯಿಲೆ ಎನ್ನುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಕಾಯಿಲೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರೆಲ್ಲರಿಗೂ ತಪಾಸಣೆ ಇದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಅಪ್ಪ ಅಮ್ಮನಿಗೆ ಇದ್ದವರು ಮೈಯಲ್ಲಿ ಲಕ್ಷಣ ಕಾಣಲಿ ಎಂದು ಕಾಯಬಾರದು. ಹೊಸ್ತಿಲಲ್ಲಿ ನೋವು, ಬಾಯಾರಿಕೆ ಏನೂ ಇರುವುದಿಲ್ಲ.

ತಮ್ಮನ ರಿಪೋರ್ಟ್ ಬಂದ ವಾರವೇ ನಾನೂ ಮಾಡಿಸಿದೆ. 108 ಬಂತು. ಈಗ ನಮ್ಮ ಮನೆಯಲ್ಲಿ ರಾತ್ರಿಗೆ ಎರಡು ಪಾವು ಅಕ್ಕಿಯ ಬದಲು ಒಂದು ಪಾವು ಇಡುತ್ತೇವೆ. ಕಾಳು ಬೇಯಿಸುವ ಕುಕ್ಕರ್ ದೊಡ್ಡದಾಗಿದೆ. ಊಟವಾದ ಮೇಲೆ ಅಪ್ಪ, ತಮ್ಮ, ನಾನು ಮೂವರೂ ಕೆರೆ ಏರಿಯ ತನಕ ನಡೆದು ಬರುತ್ತೇವೆ. ಯಾರ ಕಡೆಯಿಂದ ಬಂತು ಎಂಬ ಮಾತನ್ನು ಅಮ್ಮ ಮತ್ತೆ ಎತ್ತಿಲ್ಲ.